ಚೆಕ್ಕುಬಂದಿ

ಕೂತ್ಕೊಳ್ಳಮ್ಮ ಜಬೀನಾ, ಪೆನ್ನು ಆಮೇಲೆ ತೆಗೀತೀನಿ.
ಮೊದಲು ಆ ಕರಪತ್ರ ಮಡಚು. ಅದರಲ್ಲಿರೋ ಕಾರಂಜಿ
ಶಿಡ್ಲಘಟ್ಟದಲ್ಲಿ ಎಲ್ಲೂ ಇಲ್ಲ.

ಹನ್ನೆರಡು ವರ್ಷ ಬಿಸಿನೀರಿಗೆ ಕೈಯದ್ದಿ
ಗೂಡಿನ ಎಳೆ ಹುಡುಕಿದವಳು ನೀನು.
ಕಾಗದಕ್ಕೂ ಒಂದು ಎಳೆ ಇರುತ್ತೆ, ತುದಿ ಸಿಗೋವರೆಗೂ
ಸುತ್ತೋಕೆ ಹೋಗಬೇಡ.
ಇಸಿ ಹದಿನೈದು ವರ್ಷದ್ದು ಸಾಲದು, ಅಜ್ಜನ ಕಾಲದ್ದು ಕೇಳು.
ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನ ಎಣಿಸು,
ಸಹಿ ಹಾಕದ ತಂಗಿ ಒಬ್ಬಳು ಎಲ್ಲೋ ಇರ್ತಾಳೆ.

ದಲ್ಲಾಳಿ ರವಣಪ್ಪ ಕೆಟ್ಟವನಲ್ಲ,
ಬರೀ ಆತುರದವನು.

ಈಗ ಓದ್ತೀನಿ ಕೇಳು:
ಪೂರ್ವಕ್ಕೆ ಪಿಳ್ಳಪ್ಪನವರ ಹಿಪ್ಪುನೇರಳೆ ತೋಟ,
ದಕ್ಷಿಣಕ್ಕೆ ಓಣಿ, ಪಶ್ಚಿಮಕ್ಕೆ ಅಕ್ಕಾಯಮ್ಮನ ಹಿತ್ತಲು,
ಉತ್ತರಕ್ಕೆ ಸರ್ಕಾರಿ ಹಳ್ಳ.
ಮೂವತ್ತೊಂದು ವರ್ಷದಿಂದ ಬರೀತಿದೀನಿ ಇಂಥ ಹೆಸರು,
ಕೊಂಡವರು ಒಬ್ಬರೂ ಹೋಗಿ ಮಾತಾಡಿಸಿದ್ದಿಲ್ಲ.

ನೀನು ಹೋಗು. ಪಿಳ್ಳಪ್ಪನ ಹತ್ತಿರ ಬೋರಿನ ಆಳ ಕೇಳು.
ಅಕ್ಕಾಯಮ್ಮ ಮೇಕೆ ಕಟ್ಟೋ ಗೂಟ
ಸರ್ವೆ ಕಲ್ಲಿಗಿಂತ ಹಳೇದು.
ಹಳ್ಳ ಈಗ ಬಾಯಿ ಬಿಡಲ್ಲ,
ಅದರ ಪರವಾಗಿ ಅವಳೇ ಹೇಳ್ತಾಳೆ
ನೀರು ಎಲ್ಲೀತನಕ ಬಂದಿತ್ತು ಅಂತ.

ಎಂಟನೇ ದಿನ ಬಂದಳು. ಕೈಯಲ್ಲಿ ಕರಪತ್ರವಿಲ್ಲ,
ಅಕ್ಕಾಯಮ್ಮ ಕೊಟ್ಟ ಅವರೆಕಾಯಿ.
"ಅದು ಬೇಡ ಅಣ್ಣಾ, ಮೊಳಕಾಲುದ್ದ ನೀರಂತೆ.
ಮೇಲಿನ ಓಣೀಲಿ ಅವಳ ಅಣ್ಣಂದೊಂದು ಇದೆ."
"ತಂಗಿ ಸಹಿ?"
"ನಾಳೆ ಅವಳೇ ಬರ್ತಾಳೆ, ಬಸ್ ಚಾರ್ಜು ನಂದು."

ಸ್ಟಾಂಪ್ ಕಾಗದ ಬಿಡಿಸಿದೆ.
ಕೊನೆಗೆ, ಎಂದಿನಂತೆ, ಬಿಕ್ಕಲಂ ಅಂತ ನನ್ನ ಹೆಸರು;
ಕೆಳಗೆ ಬಾಡಿಗೆ ಮನೆಯ ವಿಳಾಸ.