ಹದಿನಾರು ಡಿಗ್ರಿ

ಚಳಿಗಾಲ ಅಂದ್ರ ನಮಗ ಸುಗ್ಗಿ.
ದೀಪಾವಳಿ ಪಣತಿ ಆರೂದರೊಳಗ
ಗಣಪತ ಗಲ್ಲಿ ಹಿಂದಿನ ನಮ್ಮ ಅಂಗಡಿ ಮುಂದ
ಹಳೇ ಗಾದಿಗಳು ಬಂದು ಕುಂದರತಾವು
ದವಾಖಾನಿ ಪಾಳಿಯೊಳಗಿನ ಮುದುಕರಂಗ,
ಹೊಟ್ಟಿಯೊಳಗ ಗಂಟು, ಮೈತುಂಬ ಕಲಿ.

ನಾ ಅರಳಿ ಹಿಂಜತೇನಿ, ಮಾಲನಬಿ ಟಾಕಿ ಹಾಕತಾಳ.
ಮೂವತ್ತೊಂದು ಚಳಿಗಾಲ ಹಿಂಗ.
ಆಕಿ ಮಲಗಿದಾಗ ನನ್ನ ಪಾಳಿ,
ನಾ ಮಲಗಿದಾಗ ಆಕಿ ಸೂಜಿ.
ಅದೇ ಹಾಸಿಗಿ,
ಒಬ್ಬರ ಕಾವು ಆರೂದರೊಳಗ ಇನ್ನೊಬ್ಬರು.
ಊರ ಮಂದಿ ಜೋಡಿ ಜೋಡಿ ಬೆಚ್ಚಗ ಮಲಗಲಿ ಅಂತ
ನಾವು ಬ್ಯಾರೆ ಬ್ಯಾರೆ ಮಲಗಿದಿವಿ.
ಯಾರೂ ಹೇಳಿರಲಿಲ್ಲ ಹಂಗ ಮಾಡ್ರಿ ಅಂತ,
ನಾವೂ ಲೆಕ್ಕ ಹಿಡಿದಿರಲಿಲ್ಲ.

ಈ ಸಲ ಕೆಮ್ಮು ಹಿಡಕೊಂಡು ಬಿಡಲಿಲ್ಲ.
ಡಾಕ್ಟರು ಎದಿಗೆ ನಳಿ ಹಚ್ಚಿ ಕೇಳಿ
ಒಳಗೂ ಒಂದು ಗಾದಿ ತುಂಬಿಟ್ಟೀಯಲ್ಲೋ ದಸ್ತಗೀರ, ಅಂದ್ರು.
ಥಂಡಿಯೊಳಗ ಎಲ್ಲರೆ ಬಿಸಿ ಊರಿಗೆ ಹೋಗು,
ಸಮುದ್ರದ ಗಾಳಿ ಕುಡಿ.
ನಾ ನಕ್ಕೆ. ಮಾಲನಬಿ ನಗಲಿಲ್ಲ.
ಮಷೀನಿನ ಪಟ್ಟಾ ಬಿಚ್ಚಿ ಪೆಟ್ಟಿಗಿಯೊಳಗಿಟ್ಟು ಕೀಲಿ ಹಾಕಿದ್ಲು.
ಕಣಬರ್ಗಿ ವಕೀಲರ ರಜಾಯಿ ಅರ್ಧಕ್ಕ ನಿಂತಿತ್ತು.
ಎಂಟು ದಿನ ಕೋಟ ಹೊತ್ಕೊಂಡು ಮಲಗಲಿ ಅವರು,
ಕರೀ ಕೋಟ ಐತೆಲ್ಲ, ಅಂದ್ಲು.

ಡಿಸೆಂಬರ್ ನಸುಕು. ಬಸ್‌ಸ್ಟ್ಯಾಂಡಿನ್ಯಾಗ ಎಲ್ಲಾರ ಬಾಯಿಂದ ಹೊಗಿ.
ಅರ್ಧ ಕಿಲೋ ಕುಂದಾ, ಹತ್ತು ಕಟಕ ರೊಟ್ಟಿ, ಶೇಂಗಾ ಚಟ್ನಿ.
ಚೋರ್ಲಾ ಘಾಟ ಇಳದಂಗ ಇಳದಂಗ
ಬಸ್ಸು ಒಂದೊಂದೇ ಬಟ್ಟಿ ಬಿಚ್ಚಿಸಿತು:
ಮೊದಲ ಕಾನಟೋಪಿ, ಆಮ್ಯಾಲೆ ಮಫ್ಲರ್,
ಪಣಜಿ ಬರೂದರೊಳಗ ಸ್ವೆಟರು ತೊಡಿ ಮ್ಯಾಲ
ಉಂಡು ಮಲಗಿದ ಬೆಕ್ಕಿನಂಗ.

ಪಣಜಿಯೊಳಗ ಮೂರು ದಿನ. ರೈಲು ಹತ್ತಿ ಕೊಚ್ಚಿಯೊಳಗ ನಾಕು.
ಅಲ್ಲಿ ಥಂಡಿಗೆ ಹೆಸರೂ ಇಲ್ಲ.
ಒಬ್ಬಾಂವ ಅನಾನಸ ಕೊಯ್ದು ಖಾರ ಹಚ್ಚಿ ಕೊಟ್ಟ.
ದೊಡ್ಡ ಬಲಿ ನೀರಿಗೆ ಬಾಗಿ ಏಳೂದು ನೋಡಿ
ನಿಮ್ಮಪ್ಪನ ಬಿಲ್ಲು ನೋಡು, ಅಂದ್ಲು,
ತಂತಿ ಹರಿದು ಅಟ್ಟದ ಮ್ಯಾಲ ಬಿದ್ದದ್ದು.
ಇದು ಟೊಂಯ್ ಅನ್ನಲಿಲ್ಲ. ನಾಕು ಮೀನ ಸಿಕ್ಕವು.
ನನ್ನ ಕೆಮ್ಮು ಯಾವ ಸ್ಟೇಷನ್ನಿಗೆ ಇಳಿದು ಹೋತೋ, ಗೊತ್ತಾಗಲಿಲ್ಲ.

ರಾತ್ರಿ ಮಾತ್ರ ನಿದ್ದಿ ಇಲ್ಲ.
ಮೈಮ್ಯಾಲ ತೂಕ ಇಲ್ಲಂದ್ರ
ಬಾಗಲ ತಗದಿಟ್ಟು ಮಲಗಿದಂಗ ಆಕ್ಕತಿ, ಅಂದ್ಲು.
ಕೊನೀ ರಾತ್ರಿ ಲಾಡ್ಜಿನ ಹುಡುಗನ್ನ ಕರದು
ಆ ಗ್ವಾಡಿ ಮಷೀನು ಹಚ್ಚೂದು ಹೆಂಗಪ್ಪಾ ಅಂತ ಸನ್ನಿ ಮಾಡಿ ಕೇಳಿ
ಒತ್ತಿದ್ಲು, ಒತ್ತಿದ್ಲು,
ಇಪ್ಪತ್ನಾಕು, ಇಪ್ಪತ್ತು, ಹದಿನಾರು.
ಅದರ ಕೆಳಗ ಅದು ಇಳಿಯಲಿಲ್ಲ.
ಎಂಟುನೂರು ರೂಪಾಯಿ ಹೆಚ್ಚಿನ ಬಾಡಿಗಿ ಕೊಟ್ಟು
ಸಮುದ್ರದ ಬಾಜೂಕ ಬೆಳಗಾವಿ ತರಿಸಿದಿವಿ.

ಕಪಾಟದಾಗಿನ ರಜಾಯಿ ತಗದು ನಾ ಹಿಚುಕಿ ನೋಡಿದೆ:
ಅರಳಿ ಅಲ್ಲ, ಪ್ಲಾಸ್ಟಿಕ್ ಕೂದಲ.
ಮಾಲನಬಿ ಅಂಚು ನೋಡಿದ್ಲು, ಒಂದು ಗೇಣು ಹರಿದಿತ್ತು.
ಸೆರಗಿನ ಗಂಟಿನಿಂದ ಸೂಜಿ ಹೊರಗ ಬಂತು.
ನಾ ಬೈಲಿಲ್ಲ. ದಾರ ಪೋಣಿಸಿ ಕೊಟ್ಟೆ,
ಆಕಿಗೆ ಈಗ ಕಣ್ಣು ಮಂಜ.

ಆಮ್ಯಾಲೆ ಅದರ ಕೆಳಗ ಹೊಕ್ಕಿವಿ,
ಇಬ್ಬರೂ, ಒಂದೇ ಹೊತ್ತಿಗೆ.
ಯಾರ ಪಾಳಿನೂ ಇರಲಿಲ್ಲ.
ಆಕಿ ಪಾದ ತಣ್ಣಗಿದ್ದುವು. ಇಷ್ಟು ತಣ್ಣಗ ಇರತಾವಂತ
ಮೂವತ್ತೊಂದು ವರ್ಷ ನನಗ ಗೊತ್ತಿರಲಿಲ್ಲ.

ವಕೀಲರ ರಜಾಯಿ ಮೊನ್ನೆ ಮುಗೀತು. ಬೈದ್ರು, ಒಯ್ದ್ರು.
ಕೆಮ್ಮು ತಿರುಗಿ ಬಂದೈತಿ, ಸಣ್ಣದು.
ಕೊಚ್ಚಿಯೊಳಗ ಯಾರೋ ಇಬ್ಬರು
ಆ ಹೊಲಿಗಿ ಕೆಳಗ ಹದಿನಾರು ಮಾಡಿಕೊಂಡು ಮಲಗಿರಬೇಕು.
ರಾತ್ರಿ ಹನ್ನೆರಡಕ್ಕ ಮಾಲನಬಿ ಸೂಜಿ ಚುಚ್ಚಿಟ್ಟು
ದೀಪ ಆರಿಸತಾಳ ಈಗ.
ಉಳಿದ ಟಾಕಿ ನಾಳೆ, ಅಂತಾಳ,
ಸರಿ ಅತ್ತಾಗ.