ಕಂಡದ್ದು

ಪೆಟ್ಟಿಗೆಯ ಮೇಲಿತ್ತು ಹಿತ್ತಾಳೆ ಪಟ್ಟಿ:
ಏಳನೇತ್ತಿಗೆ ಸಾಲಿ ಬಿಟ್ಟ ಅಕ್ಕನ ನೆನಪಿಗೆ,
ಹುಬ್ಬಳ್ಳಿಯ ಬೇರಿಂಗ್ ಅಂಗಡಿಯ ತಮ್ಮ.

ಒಂಬತ್ತು ತಿಂಗಳು ಕಪಾಟಿನಲ್ಲೇ ಕೂತಿತ್ತು ಸೂಕ್ಷ್ಮದರ್ಶಕ.
'ಒಡದರ ಯಾರ್ ಕೊಡತಾರ್ರಿ?' ಹೆಡ್ಮಾಸ್ತರರ ಕಿಸೆಯಲ್ಲಿ ಕೀಲಿಕೈ.
ಮಾಘದ ಒಂದು ಶನಿವಾರ, ಅವರು ಮೀಟಿಂಗಿಗೆ ಹಾವೇರಿಗೆ ಹೋಗುವಾಗ
ಕೇಳಿ ಇಸಕೊಂಡೆ. ಬೆಂಚನ್ನು ಬಿಸಿಲಿಗೆ ಎಳೆದೆ.

ಉಳ್ಳಾಗಡ್ಡಿ ತರ್ರಿ ಅಂದಿದ್ದೆ.
ಫಕ್ಕೀರವ್ವ ತಂದದ್ದು ಮೆಣಸಿನಕಾಯಿ:
'ನಮ್ಮ ಮನ್ಯಾಗ ಇದಽ ಇರೋದು, ಟೀಚರ್.'

ಹಿಂದಿನ ಸಂಜೆ ಬ್ಯಾಡಗಿ ಪ್ಯಾಟ್ಯಾಗ ಅವ್ವನ ಸಂಗಡ
ಎರಡು ಚೀಲ ತೊಟ್ಟು ಬಿಡಿಸಿದ ಬೆರಳು.
ನೆನೆದ ಕಾಯಿಯ ಪದರ ಬ್ಲೇಡಿನಲ್ಲಿ ಎತ್ತಿ
ಗಾಜಿನ ಮೇಲೆ ಹಾಸಿದಳು,
ಹರಿಯದಂಗ ಹಂಚಿಗೆ ರೊಟ್ಟಿ ಹಾಕಿದ ಹಾಗೆ.

ತಿರುಪು ತಿರುವಿದಳು. ಮಸುಕು. ಮತ್ತಷ್ಟು ಮಸುಕು.
ಕಣ್ಣುಜ್ಜಿದಳು,
ಅದೇ ಬೆರಳಿನಿಂದ.

ಅಯ್ಯಯ್ಯ ಅಂತ ನಾನು ನೀರು ತರುವಷ್ಟರಲ್ಲಿ
ಸುರಿಯುವ ಕಣ್ಣು ಮುಚ್ಚಿ ಇನ್ನೊಂದನ್ನು ಇಟ್ಟಿದ್ದಳು:
'ತಡೀರಿ ಟೀಚರ್, ಕಾಣಾಕತ್ತೈತಿ.'

ಗುಮಾಸ್ತರು ಫೋಟೋ ಹೊಡೆದದ್ದು ಆಗಲೇ.
ದಾನಿಗೆ ಹೋದದ್ದೂ ಅದೇ. ಮರುಪತ್ರ ಬಂತು:
ಆ ಹುಡುಗಿಯ ಕಣ್ಣೀರು ಕಂಡು ಮನೆಯವರೆಲ್ಲ ಅತ್ತೆವು,
ನಮ್ಮಕ್ಕನೇ ನಿಂತಂತಿತ್ತು.
ಖಾರ ಅದು ಎಂದು ಬರೆಯಲು ಕೂತೆ. ಬರೆಯಲಿಲ್ಲ.

ಅವಳ ದಾಖಲೆ ಪುಸ್ತಕ ಮಾತ್ರ
ಕೆಂಪು ಶಾಯಿ ಮುಟ್ಟಿಸದೆ ಇಟ್ಟುಕೊಂಡಿದ್ದೇನೆ:

ಬೇಕಾದ ಸಾಮಾನು: ಕಾಯಿ ಒಂದು, ನೀರು, ಬ್ಲೇಡು,
ಎಡಗಣ್ಣು.
ಕಂಡದ್ದು: ಕೆಂಪು ಖೋಲಿಗಳು, ಒಂದಕ್ಕೊಂದು ಹತ್ತಿ.
ಬಾಗಿಲಾ ಇಲ್ಲ.
ಆದರ ಎಲ್ಲಾದರಾಗೂ
ಯಾರೋ ದೀಪಾ ಹಚ್ಚಿಟ್ಟಿದ್ದರು.