ಗಾಳಿಗೆ ಕಾಸಿಲ್ಲ

ಐದಕ್ಕೇ ಎದ್ದುಬಿಟ್ಟೆ, ಹೋಗಲು ಊರಿಲ್ಲ.
ಹತ್ತೊಂಬತ್ತು ದಿನದ ರೂಢಿ ಮೀನಖಂಡದಲ್ಲಿ ಇನ್ನೂ
ಅದುರುತ್ತಿದೆ.
ಬಸವನಗುಡಿಯ ಲಾಡ್ಜು, ಮಂಚ, ಕಿಟಕಿ, ಮತ್ತೆ ಮಂಚ:
ಇವತ್ತಿನ ಪಯಣ ಇಷ್ಟೇ.

ಫ್ಲೇವಿಯಾ ನಿನ್ನೆ ರಾತ್ರಿಯೇ ಮಂಗಳೂರಿನ ಬಸ್ಸು ಹತ್ತಿದಳು,
ಸೈಕಲ್ಲು ಬಸ್ಸಿನ ಹೊಟ್ಟೆಯಲ್ಲಿ, ಅವಳು ಹದಿನಾಲ್ಕನೇ ಸೀಟಿನಲ್ಲಿ.
ಬೀದರಿನಿಂದ ಇಲ್ಲಿಯ ತನಕ
ಅವಳ ಬೆನ್ನನ್ನೇ ನೋಡಿಕೊಂಡು ಬಂದವಳು ನಾನು.
ಮುಖ ನೆನೆಯಲು ಹೋದರೆ
ಬೆವರಿನ ಉಪ್ಪು ಬಿಳಿಗೆರೆ ಎಳೆದ ನೀಲಿ ಅಂಗಿ ಬರುತ್ತದೆ.

ಕಲಾಸಿಪಾಳ್ಯದ ಒಳಗಲ್ಲಿಯಲ್ಲಿ ಮಸ್ತಾನನ ಅಂಗಡಿ.
ಮಕ್ಕಳ ಸೈಕಲ್ಲು ಬಂದಿದ್ದ ರಟ್ಟಿನ ಪೆಟ್ಟಿಗೆ ಎರಡು ತಂದು
ಅಂಟಿಸಿ ಒಂದು ಮಾಡಿದ. ಅದರ ಮೇಲೆ
ಬಲೂನು ಹಿಡಿದ ಕರಡಿ, ತಲೆ ಒಂದು ಕಡೆ, ಬಲೂನು ಇನ್ನೊಂದು ಕಡೆ.
"ಎಡಗಡೆ ಪೆಡಲು ಉಲ್ಟಾ ಮೇಡಂ.
ಬಿಗಿ ಮಾಡೋ ಥರಾನೇ ತಿರುಗಿಸ್ಬೇಕು, ಆಗ ಸಡಿಲ ಆಗೋದು."
ಐವತ್ತೆರಡು ವರ್ಷ ತುಳಿದಿದ್ದೇನೆ, ಗೊತ್ತಿರಲಿಲ್ಲ.

ಚೈನಿನಲ್ಲಿ ಸಿಂಧನೂರಿನ ಎರೆಮಣ್ಣು,
ಅದರ ಮೇಲೆ ಮಧುಗಿರಿಯ ಕೆಮ್ಮಣ್ಣು.
ಕಡ್ಡಿಯಿಂದ ಕೆರೆದು ಕೆರೆದು ಮೆಟ್ಟಿಲಿಗೆ ಉದುರಿಸಿದ.
ಅದರ ಮೇಲೆಯೇ ಕೂತು ಒಂದು ಬೆಕ್ಕು ಕಾಲು ನೆಕ್ಕಿಕೊಂಡಿತು.

"ಗಾಳಿ ಬಿಡ್ಬೇಕು, ವಿಮಾನದವ್ರು ಕೇಳ್ತಾರೆ."
ಹಿಂದಿನ ಚಕ್ರದ್ದು ಅವನು ಬಿಟ್ಟ.
ಮುಂದಿನದು ನಾನು ಬಿಡ್ತೀನಿ ಅಂದೆ.

ಪಾವಗಡದ ಆಚೆ, ಬಿಸಿಲು ಕುಡಿಯುವ ಗಾಜಿನ ಹಲಗೆಗಳ ಹೊಲ
ಮುಗಿದಲ್ಲಿ, ಹುಣಸೆಮರದ ಕೆಳಗೆ
ಒಬ್ಬ ಹುಡುಗ ಹೊಡೆದುಕೊಟ್ಟ ಗಾಳಿ ಅದು.
ಎಷ್ಟಾಯಿತಪ್ಪಾ ಅಂದರೆ, ಪಂಪಿನ ಮೇಲೆ ಒಂದು ಕಾಲಿಟ್ಟು
"ಪಂಚರಿಗೆ ಕಾಸು. ಗಾಳಿಗೆ ಯಾರಾದ್ರೂ ಕಾಸು ತಗಂತಾರೇನಕ್ಕಾ?"

ಪಿನ್ನು ಒತ್ತಿದೆ. ಸುಯ್ಯೆಂದು ಹೋಯಿತು
ಡೀಸೆಲಿನ, ಹೂವಿನ ಬುಟ್ಟಿಗಳ, ಕಲಾಸಿಪಾಳ್ಯದ ಗಾಳಿಯೊಳಗೆ.
ಬರೀ ರಬ್ಬರಿನ ವಾಸನೆ. ಹುಡುಗನದೇನೂ ಇರಲಿಲ್ಲ.
ಅಂಗೈ ಮಾತ್ರ ತಣ್ಣಗಾಯಿತು.

ಪೋರ್ಟ್‌ಬ್ಲೇರಿನ ಬಂದರಿನಲ್ಲಿ ತೂಕ ಬರೆಯುವುದು ನನ್ನ ಕೆಲಸ.
ಬೇರೆಯವರ ಮೂಟೆಗೆ ನೂರು ಗ್ರಾಂ ಬಿಟ್ಟವಳಲ್ಲ.
ಈಗ ಮಸ್ತಾನನ ಕೊಕ್ಕೆತಕ್ಕಡಿಯಲ್ಲಿ ನನ್ನದೇ ತೂಗಾಡುತ್ತ
ಒಂದು ಕಿಲೋ ಇನ್ನೂರು ಜಾಸ್ತಿ.
ಕಡಲೆಕಾಯಿ, ನೋಡದೆಯೇ ಗೊತ್ತಾಯಿತು.
ಚಳ್ಳಕೆರೆ ಕಡೆಯ ಹೊಲದ ಬದುವಿನಲ್ಲಿ ದುರುಗಮ್ಮ
ನಮ್ಮಿಬ್ಬರ ಮುಖ ನೋಡಿ,
"ಇವ್ರ ಮನೇಲಿ ಇಕ್ಕೋರು ಇಲ್ವೇನೋ" ಅಂತ
ಬ್ಯಾಗಿಗೆ ಸುರಿದದ್ದು.

ಹಾಗಾಗಿ ಮಧ್ಯಾಹ್ನವೆಲ್ಲ ಲಾಡ್ಜಿನ ಮೆಟ್ಟಿಲ ಮೇಲೆ
ತೂಕ ತಿನ್ನುತ್ತ ಕೂತೆ.
ಬಸವನಗುಡಿಗೆ ಕಡಲೆಕಾಯಿ ಸಿಪ್ಪೆ ಹೊಸದೇನಲ್ಲ,
ಯಾರೂ ತಿರುಗಿ ನೋಡಲಿಲ್ಲ.
ರೂಮಿನ ಹುಡುಗ ಹೊನ್ನೂರ ಬಂದು ಪಕ್ಕದಲ್ಲಿ ಕುಕ್ಕರಿಸಿದ.
ಸಿರುಗುಪ್ಪದ ಹತ್ತಿರ ಅವನ ಊರು.
"ಎಡಕ್ಕೊಂದು ನೀರಿನ ಟ್ಯಾಂಕು ಕಂಡಿತೇನ್ರೀ ಅಕ್ಕಾರ?"
ಕಂಡಿತು ಅಂದೆ.
"ಅದಕ್ಕೆ ಬಣ್ಣ ಹಚ್ಚ್ಯಾರೇನ್ರಿ?"
ಟ್ಯಾಂಕುಗಳು ಎಷ್ಟೋ. ಎಲ್ಲದರ ಕೆಳಗೂ ಫ್ಲೇವಿಯಾಳ ಬೆನ್ನು.
ಹಚ್ಚಿದ್ದಾರೆ ಅಂದೆ.
ಯಾವ ಬಣ್ಣ ಎಂದು, ಪುಣ್ಯಾತ್ಮ, ಕೇಳಲಿಲ್ಲ.
ಒಂದು ಬೊಗಸೆ ಕಾಯಿ ಎತ್ತಿಕೊಂಡು ನೆಲ ಒರೆಸಲು ಹೋದ.

ನಮ್ಮ ದ್ವೀಪದಲ್ಲಿ ಯಾವ ದಾರಿಯೂ
ಬಹಳ ಹೊತ್ತು ದಾರಿಯಾಗಿ ಉಳಿಯುವುದಿಲ್ಲ,
ಒಂದು ತಿರುವು, ಕಡಲಾಗಿಬಿಡುತ್ತದೆ.
ಅಲ್ಲಿ ಬ್ರೇಕು ಸವೆಯುತ್ತದೆ, ಟೈರಲ್ಲ.
ಆದರೂ ಮೊನ್ನೆ ಬಳ್ಳಾರಿಯ ಬಿಸಿಲಿನಲ್ಲಿ, ಇದೇ ನಾನು,
ಒಂದು ಹಿಡಿ ಉಪ್ಪುಗಾಳಿಗೆ ಬಾಯಿಬಿಟ್ಟವಳು.

ಸಂಜೆ. ಸೈಕಲ್ಲು ಒರಗಿದ್ದ ಗೋಡೆಯಲ್ಲಿ
ಹಿಡಿಕೆಯ ಕಪ್ಪು ಗೆರೆ.
ಒದ್ದೆ ಟವೆಲಿನಿಂದ ಒರೆಸಿದೆ,
ಇನ್ನಷ್ಟು ಅಗಲವಾಯಿತು. ಬಿಟ್ಟೆ.

ಟ್ಯಾಕ್ಸಿ ಮೂರೂವರೆಗೆ.
ದೀಪ ಆರಿಸಿದರೆ, ಹೊದಿಕೆಯ ಕೆಳಗೆ
ಬಲಗಾಲು ಮಲಗಿದೆ.
ಎಡಗಾಲು ಮಾತ್ರ,
ಬಿಗಿ ಮಾಡುತ್ತಲೋ ಸಡಿಲ ಮಾಡುತ್ತಲೋ,
ಮೆಲ್ಲಗೆ ತಿರುಗುತ್ತಿದೆ.